ಹಳೆಯ ಕಾರಿನ ಕೈಕಾಲು

ಕಾರು ಕೊಂಡವರನ್ನು ಕಂಡಾಗ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರೇ: ಬೆಲೆ ಎಷ್ಟು, ಲೀಟರಿಗೆ ಎಷ್ಟು ಓಡುತ್ತದೆ, ಎಷ್ಟು ಜನ ಕೂರಬಹುದು? ಅದರ ಬಣ್ಣವನ್ನು ಮೆಚ್ಚುತ್ತೇವೆ, ಬಾಗಿಲು ಮುಚ್ಚುವಾಗಿನ ಸದ್ದನ್ನೂ ಮೆಚ್ಚುತ್ತೇವೆ. ಆದರೆ ಬಗ್ಗಿ, ಅದರ ಹೊಟ್ಟೆಯ ಕೆಳಗೆ ಇಣುಕಿ ನೋಡುವವರು ವಿರಳ. ಕಾರನ್ನು ಹೊತ್ತು ನಿಂತಿರುವ ಕಾಲುಗಳೂ, ಅದನ್ನು ತಿರುಗಿಸುವ ಕೈಗಳೂ ಇರುವುದು ಅಲ್ಲಿಯೇ. ಇಂಜಿನು ಕೆಟ್ಟರೆ ಗಾಡಿ ನಿಲ್ಲುತ್ತದೆ. ನಿಂತ ಗಾಡಿಯಿಂದ ಹೆಚ್ಚಿನ ಅಪಾಯವಿಲ್ಲ. ಸ್ಟಿಯರಿಂಗು ಕೆಟ್ಟರೆ ಗಾಡಿ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಭಯಪಡಬೇಕಾದುದು ಆ ಕಾರಣಕ್ಕೆ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿನಿಗೆ ಗ್ಯಾರೇಜಿನ ಮಾತೇಕೆ ಎಂದು ವಾಚಕರು ಕೇಳಬಹುದು. ಇದು ನನ್ನ ಮನೆಯ ಅಂಗಳದಲ್ಲಿ ಕಲಿತ ವಿದ್ಯೆ. ನಮ್ಮದು ತೀರ್ಥಹಳ್ಳಿಯ ಕಡೆಯ ಒಂದು ಸಣ್ಣ ಊರು. ನಮ್ಮ ಅಪ್ಪಯ್ಯ ಏಳನೆಯ ತರಗತಿಗೆ ಓದು ನಿಲ್ಲಿಸಿ ಸ್ಟಿಯರಿಂಗು ಹಿಡಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆ ಮೆಟ್ಟಿಲನ್ನು ಹತ್ತಿಸಿದ್ದು ಅಪ್ಪಯ್ಯನ ಹಳೆಯ ಅಂಬಾಸಿಡರ್ ಕಾರು. ಅನೇಕ ವರ್ಷ ಅದು ಬಾಡಿಗೆಗೆ ಓಡಿ ನಮ್ಮನ್ನು ಸಾಕಿತು. ಈಗ ಮನೆಯ ಬಳಕೆಗೆ ಮಾತ್ರ ಇದೆ. ಅಪ್ಪಯ್ಯ ಅದರ ಅಡಿಯಲ್ಲಿ ಮಲಗಿ ಕೆಲಸ ಮಾಡುವಾಗ ಮೇಲೆ ಕುಳಿತು "ಎಡಕ್ಕೆ, ಬಲಕ್ಕೆ" ಎಂದಂತೆ ಸ್ಟಿಯರಿಂಗು ಆಡಿಸುವುದು ಚಿಕ್ಕಂದಿನಿಂದಲೂ ನನ್ನ ಪಾಲಿನ ಕೆಲಸ.

ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾದರಿ. ಪಶ್ಚಿಮ ಬಂಗಾಳದ ಉತ್ತರಪಾಡಾದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1957ರಿಂದ ಸಿದ್ಧವಾಗತೊಡಗಿದ ಈ ಕಾರು, 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ಹೊರಮೈಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಮಂತ್ರಿಗಳೂ ಮದುಮಕ್ಕಳೂ ರೋಗಿಗಳೂ ಇದರಲ್ಲಿ ಸಮಾನವಾಗಿ ಪ್ರಯಾಣ ಮಾಡಿದರು. ನಮ್ಮ ಕಾರು 1988ರದು; ಎಂದರೆ ನನಗಿಂತ ಹದಿನಾರು ವರ್ಷಕ್ಕೆ ದೊಡ್ಡದು.

ಮೊದಲು ಇದರ ಕಾಲುಗಳ ರಚನೆಯನ್ನು ತಿಳಿಯೋಣ. ಚಕ್ರ ಕಲ್ಲನ್ನೇರಿದಾಗ ಆ ಏರಿಳಿತ ಒಳಗೆ ಕುಳಿತವರಿಗೆ ಹಾಗೆಯೇ ಮುಟ್ಟಬಾರದು. ಜೊತೆಗೆ ಚಕ್ರ ನೆಲವನ್ನು ಬಿಡಲೂಬಾರದು. ಈ ಎರಡು ಕೆಲಸಕ್ಕೆ ಇರುವ ಏರ್ಪಾಡೇ ಸಸ್ಪೆನ್ಷನ್. ಅಂಬಾಸಿಡರಿನ ಹಿಂದುಗಡೆ ನಮ್ಮ ಲಾರಿಗಳಲ್ಲಿರುವಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಪಟ್ಟಿ ಸ್ಪ್ರಿಂಗು ಇದೆ. ಮುಂದುಗಡೆ ಸ್ಪ್ರಿಂಗನ್ನು ಹುಡುಕಿದರೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿರುವುದು ಟಾರ್ಷನ್ ಬಾರ್, ಅಂದರೆ ಕಾರಿನ ಉದ್ದಕ್ಕೆ ಮಲಗಿರುವ ಒಂದು ಉಕ್ಕಿನ ಸರಳು. ಅದರ ಒಂದು ತುದಿ ಕಾರಿನ ಮೈಗೆ ಬಿಗಿದಿದೆ. ಇನ್ನೊಂದು ತುದಿ ಚಕ್ರವನ್ನು ಹಿಡಿದ ಕೆಳತೋಳಿಗೆ ಸೇರಿದೆ. ಚಕ್ರ ಮೇಲೆದ್ದಾಗ ಈ ಸರಳು, ಬಟ್ಟೆ ಹಿಂಡುವಾಗ ತಿರುಚುವಂತೆ ಸ್ವಲ್ಪ ತಿರುಚಿಕೊಂಡು, ಮರುಕ್ಷಣ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗು ಒಮ್ಮೆ ಕುಣಿಯಲು ಹೊರಟರೆ ತಾನಾಗಿ ನಿಲ್ಲುವುದಿಲ್ಲ. ಆ ಕುಣಿತವನ್ನು ತಡೆಯುವುದು ಷಾಕ್ ಅಬ್ಸಾರ್ಬರ್: ಎಣ್ಣೆ ತುಂಬಿದ ಕೊಳವೆ. ಅದರೊಳಗಿನ ಪಿಸ್ಟನ್ನಿನ ಸಣ್ಣ ಕಂಡಿಗಳಲ್ಲಿ ಎಣ್ಣೆ ನುಸುಳಬೇಕಾದುದರಿಂದ ಚಲನೆ ನಿಧಾನವಾಗುತ್ತದೆ.

ಇನ್ನು ಕೈಗಳು. ಮುಂದಿನ ಪ್ರತಿಯೊಂದು ಚಕ್ರವೂ ಒಂದು ನೆಟ್ಟ ಕಂಬದ ಮೇಲೆ, ಬಾಗಿಲು ತಿರುಗಣಿಯ ಮೇಲೆ ತಿರುಗುವಂತೆ, ಎಡಬಲಕ್ಕೆ ತಿರುಗುತ್ತದೆ. ಗ್ಯಾರೇಜಿನವರು ಇದನ್ನು ಕಿಂಗ್ ಪಿನ್ ಎನ್ನುತ್ತಾರೆ. ಅದನ್ನು ಮೇಲಿನ ಕೆಳಗಿನ ತೋಳುಗಳಿಗೆ ಸೇರಿಸುವ ಉಕ್ಕಿನ ತುಂಡುಗಳು ಟ್ರನಿಯನ್‌ಗಳು. ಸ್ಟಿಯರಿಂಗಿನ ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯಿದೆ. ಅದು ರ್‍ಯಾಕ್ ಎಂಬ ಹಲ್ಲುಸರಳನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ರ್‍ಯಾಕಿನ ಎರಡು ತುದಿಗಳಿಂದ ಹೊರಟ ಟೈ ರಾಡುಗಳು ಚಕ್ರಗಳನ್ನು ನೂಕುತ್ತವೆ, ಎಳೆಯುತ್ತವೆ. ಟೈ ರಾಡಿನ ಕೊನೆಯಲ್ಲಿರುವುದು ಗುಂಡಿನಂಥ ಒಂದು ಕೀಲು. ನಮ್ಮ ತೋಳು ಭುಜದಲ್ಲಿ ಕೂಡಿರುವಂತೆ ಎತ್ತ ಬೇಕಾದರೂ ಹೊರಳುತ್ತದೆ. ಇದೇ ಟೈ ರಾಡ್ ಎಂಡ್. ಗಾತ್ರದಲ್ಲಿ ನಿಂಬೆಹಣ್ಣಿನಷ್ಟು, ಆದರೆ ಕಾರಿನಲ್ಲಿರುವ ಅಷ್ಟೂ ಜನರ ಜೀವ ಅದರ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ಅತಿಶಯೋಕ್ತಿಯಲ್ಲ ಎಂದು ಧೈರ್ಯವಾಗಿ ಬರೆಯಲು ಕಾರಣವಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 2023ರ ಮಳೆಗಾಲ. ನಮ್ಮ ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಆಗುಂಬೆ ಘಾಟಿಯಿಳಿದು ಮಣಿಪಾಲಕ್ಕೆ ಹೋಗಬೇಕಾಗಿತ್ತು. ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಹೊರಡುವ ಹಿಂದಿನ ದಿನ ಶಿವಮೊಗ್ಗೆಯಿಂದ ನಮ್ಮ ಸೋದರಮಾವ ಬಂದಿದ್ದರು. ಅವರು ಅಲ್ಲಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಪೇಟೆಗೆ ಹೋಗಿ ಡೀಸೆಲ್ ಹಾಕಿಸಿಕೊಂಡು ಬಂದವರು ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿಯದೆ ಕುಳಿತೇ ಹೇಳಿದರು:

"ಭಾವ, ಇದೆಂತ ಮಾರಾಯ್ರೆ? ಸ್ಟೇರಿಂಗ್ ತಿರುಗಿಸಿದ್ರೆ ಗಾಡಿ ಯೋಚ್ನೆ ಮಾಡಿ ಆಮೇಲೆ ತಿರುಗ್ತದೆ."

ಅಪ್ಪಯ್ಯ ನಕ್ಕರು. "ಹಳೇ ಗಾಡಿ ಅಲ್ದನಾ ಮಾರಾಯ. ಅಷ್ಟು ಇರ್ತದೆ. ರೋಡೂ ಹಾಗೇ ಉಂಟು."

ಮಾವ ನಗಲಿಲ್ಲ. ಜಾಕಿ ತರಿಸಿದರು. ಮುಂದಿನ ಎಡಚಕ್ರವನ್ನೆತ್ತಿ, ಅದರ ಎಡಬಲ ಮಗ್ಗುಲುಗಳನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. 'ಟಕ್ ಟಕ್' ಎಂಬ ಸದ್ದು ಜಗಲಿಯವರೆಗೂ ಕೇಳಿಸಿತು. ಒಳಗೆ ಬಗ್ಗಿ ನೋಡಿದರೆ, ಆ ಕಡೆಯ ಟೈ ರಾಡ್ ಎಂಡಿನ ರಬ್ಬರು ಹರಿದು, ಒಳಗೆ ಗ್ರೀಸಿನ ಬದಲು ಕೆಂಪು ಕೆಸರು ತುಂಬಿಕೊಂಡು, ಗುಂಡು ತನ್ನ ಮನೆಯೊಳಗೆ ಬೆರಳಿನಿಂದ ಎತ್ತಿ ಇಳಿಸುವಷ್ಟು ಸಡಿಲವಾಗಿತ್ತು. ಇನ್ನಷ್ಟು ಸವೆದಿದ್ದರೆ ಗುಂಡು ಕಳಚಿ ಹೊರಬರುತ್ತಿತ್ತು. ಆಮೇಲೆ ಸ್ಟಿಯರಿಂಗು ಎತ್ತ ತಿರುಗಿಸಿದರೂ ಆ ಚಕ್ರ ತನಗೆ ತೋಚಿದತ್ತ ಹೋಗುತ್ತಿತ್ತು. ಅಪ್ಪಯ್ಯ ಆ ಕೀಲನ್ನು ಬಹಳ ಹೊತ್ತು ಮುಟ್ಟಿ ನೋಡಿದರು. ಅವರ ಬಾಯಿಂದ ಒಂದೇ ಮಾತು ಬಂತು: "ನನಗೆ ಗೊತ್ತೇ ಆಗ್ಲಿಲ್ಲಲ್ಲ."

ಮೂವತ್ತು ವರ್ಷ ಗಾಡಿ ಓಡಿಸಿದವರಿಗೆ ಗೊತ್ತಾಗಲಿಲ್ಲ. ಒಂದು ಸಲ ಓಡಿಸಿದವರಿಗೆ ಗೊತ್ತಾಯಿತು. ಇದು ಹೇಗೆ? ನಾನು ಹೇಳಹೊರಟ ಮುಖ್ಯವಾದ ವಿಷಯ ಇದೇ. ಸವೆತ ಒಂದೇ ದಿನದಲ್ಲಿ ಬರುವುದಿಲ್ಲ. ದಿನಕ್ಕೆ ಕೂದಲೆಳೆಯಷ್ಟೂ ಅಲ್ಲದ ಸಡಿಲವನ್ನು ಓಡಿಸುವವನ ಕೈ ತಾನಾಗಿ ತುಂಬಿಕೊಳ್ಳುತ್ತದೆ. ಸ್ಟಿಯರಿಂಗನ್ನು ಸ್ವಲ್ಪ ಹೆಚ್ಚು ತಿರುಗಿಸುತ್ತದೆ, ಸ್ವಲ್ಪ ಮೊದಲೇ ತಿರುಗಿಸುತ್ತದೆ. ಹೀಗೆ ಒಳ್ಳೆಯ ಚಾಲಕನ ನೈಪುಣ್ಯವೇ ಗಾಡಿಯ ದೋಷವನ್ನು ಮುಚ್ಚಿಡುತ್ತದೆ. ಉಳಿದದ್ದಕ್ಕೆ ರಸ್ತೆಯನ್ನು ದೂರುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಆದ್ದರಿಂದ ಹಳೆಯ ಕಾರಿನ ವಿಷಯದಲ್ಲಿ ರೂಢಿಯ ಕೈಯನ್ನು ನಂಬಬಾರದು. ಜಾಕಿ, ಅಳತೆಪಟ್ಟಿ ಮತ್ತು ಬೇರೊಬ್ಬರ ಕೈ, ಈ ಮೂರನ್ನು ನಂಬಬೇಕು.

ಪರೀಕ್ಷೆ ಮಾಡುವ ಕ್ರಮ ಹೀಗೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲುಕೊಡಬೇಕು. ಜಾಕಿಯಿಂದ ಎತ್ತಿದ ಮೇಲೆ ಕಾರಿನ ಭಾರ ಕಬ್ಬಿಣದ ಸ್ಟ್ಯಾಂಡಿನ ಮೇಲೋ ಗಟ್ಟಿ ಮರದ ದಿಮ್ಮಿಗಳ ಮೇಲೋ ಇರಬೇಕು. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ಯಾರೂ ನುಸುಳಕೂಡದು. ಅಂಬಾಸಿಡರಿನಲ್ಲಿ ಕಿಂಗ್ ಪಿನ್ನಿನ ಸವೆತವನ್ನು ನೋಡುವಾಗ ಚಕ್ರದ ಕೆಳತೋಳಿಗೇ ಆಧಾರ ಕೊಡುವುದು ಒಳ್ಳೆಯದು. ತೋಳು ಜೋತುಬಿದ್ದರೆ ಟಾರ್ಷನ್ ಬಾರಿನ ಒತ್ತಡದಲ್ಲಿ ಕೀಲು ಬಿಗಿದುಕೊಂಡು ಸಡಿಲವೆಲ್ಲ ಅಡಗಿಬಿಡುತ್ತದೆ.

ಮೊದಲು ಚಕ್ರದ ಮೇಲಂಚು ಕೆಳಂಚುಗಳನ್ನು ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿರಿ. ಸಡಿಲ ಕಂಡರೆ ಇನ್ನೊಬ್ಬರಿಗೆ ಬ್ರೇಕು ತುಳಿದಿರಲು ಹೇಳಿ ಮತ್ತೆ ಅಲ್ಲಾಡಿಸಿರಿ. ಬ್ರೇಕು ತುಳಿದಾಗ ಸಡಿಲ ಮಾಯವಾದರೆ ದೋಷ ಚಕ್ರದ ಬೇರಿಂಗಿನಲ್ಲಿದೆ. ಹಾಗೆಯೇ ಉಳಿದರೆ ಕಿಂಗ್ ಪಿನ್ ಅಥವಾ ಟ್ರನಿಯನ್‌ನಲ್ಲಿದೆ. ಇಷ್ಟು ಸರಳವಾದ ತರ್ಕವನ್ನು ನಾನು ತರ್ಕಶಾಸ್ತ್ರದ ಪುಸ್ತಕದಲ್ಲಿ ಕಂಡಿಲ್ಲ. ಬಳಿಕ ಚಕ್ರದ ಎಡಬಲ ಮಗ್ಗುಲುಗಳನ್ನು ಹಿಡಿದು ಅಲ್ಲಾಡಿಸಿರಿ. ಇಲ್ಲಿ ಕಾಣುವ ಸಡಿಲ ಹೆಚ್ಚಾಗಿ ಟೈ ರಾಡಿನದು, ಕೆಲವೊಮ್ಮೆ ರ್‍ಯಾಕಿನದು. ಕೊನೆಯಲ್ಲಿ ಚಕ್ರಗಳನ್ನು ನೆಲಕ್ಕಿಳಿಸಿ, ಒಬ್ಬರು ಸ್ಟಿಯರಿಂಗನ್ನು ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಆಡಿಸುತ್ತಿರಲಿ. ಇನ್ನೊಬ್ಬರು ಪ್ರತಿಯೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಲಿ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದೆ. ರ್‍ಯಾಕಿನ ಎರಡು ತುದಿಗಳಲ್ಲಿರುವ ಮಡಿಕೆ ಮಡಿಕೆಯ ರಬ್ಬರು ಚೀಲಗಳು ಹರಿದಿವೆಯೆ ಎಂಬುದನ್ನೂ ಆಗಲೇ ನೋಡಬೇಕು. ರಬ್ಬರು ಅಗ್ಗ, ರ್‍ಯಾಕು ದುಬಾರಿ. ಹರಿದ ರಬ್ಬರಿನಿಂದ ಎಣ್ಣೆ ಹೊರಗೆ ಹೋಗುತ್ತದೆ, ನೀರೂ ಧೂಳೂ ಒಳಗೆ ಹೋಗುತ್ತವೆ.

ಟೈರುಗಳು ಕಾರಿನ ಮುಖವಿದ್ದಂತೆ. ಒಳಗಿನ ರೋಗವೆಲ್ಲ ಅಲ್ಲಿ ತೋರುತ್ತದೆ. ಟೈರಿನ ಮೈಮೇಲೆ ಅಂಗೈಯನ್ನು ಅಡ್ಡವಾಗಿ ಸವರಿದಾಗ ಒಂದು ಕಡೆಗೆ ನುಣುಪಾಗಿಯೂ ಇನ್ನೊಂದು ಕಡೆಗೆ ಗರಗಸದಂತೆಯೂ ತಾಗಿದರೆ ಚಕ್ರಗಳ ನೇರ ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ಸವೆದಿದ್ದರೆ ಷಾಕ್ ಅಬ್ಸಾರ್ಬರು ಸತ್ತಿರಬಹುದು. ಇದಕ್ಕೆ ಇನ್ನೊಂದು ಪರೀಕ್ಷೆಯುಂಟು: ಕಾರಿನ ಮೂಲೆಯನ್ನು ಬಲವಾಗಿ ಒತ್ತಿ ಬಿಡಿರಿ. ಒಮ್ಮೆ ಎದ್ದು ನೆಲೆಗೊಂಡರೆ ಸರಿ. ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಬದಲಿಸಬೇಕು. ಬದಲಿಸುವಾಗ ಎಡಬಲದ ಜೋಡಿಯನ್ನೇ ಬದಲಿಸುವುದು ಕ್ಷೇಮ.

ಹಿಂದಿನ ಪಟ್ಟಿ ಸ್ಪ್ರಿಂಗಿನಲ್ಲಿ ಮುರಿದ ಪಟ್ಟಿಯಿದೆಯೇ, ತುದಿಯ ಷಾಕಲ್‌ಗಳ ಬುಷ್ ಸವೆದಿದೆಯೇ ಎಂದು ನೋಡಬೇಕು. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದಿರುವ ಯು ಬೋಲ್ಟುಗಳು ಸಡಿಲವಾದರೆ, ಭಾರವೆಲ್ಲ ನಡುವಿನ ಸಣ್ಣ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗುವುದುಂಟು. ಆಗ ಆಕ್ಸಲು ಓರೆಯಾಗಿ, ಕಾರು ಏಡಿಯಂತೆ ಅಡ್ಡಡ್ಡ ನಡೆಯುತ್ತದೆ. ಸಮನೆಲದಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಕಡೆ ಅಳೆದರೆ ಯಾವ ಕಡೆ ಕುಸಿದಿದೆ ಎಂಬುದು ತಿಳಿಯುತ್ತದೆ.

ಇನ್ನು ರಿಪೇರಿಯ ಮಾತು. ಮೊದಲನೆಯ ಔಷಧ ಗ್ರೀಸು. ಕಿಂಗ್ ಪಿನ್ನಿನ ಮೇಲೂ ಕೆಳಗೂ ಇರುವ ಗ್ರೀಸ್ ನಿಪ್ಪಲುಗಳನ್ನು ಬಟ್ಟೆಯಿಂದ ಒರಸಿ, ಗ್ರೀಸ್ ಗನ್ನಿನಿಂದ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಒತ್ತಬೇಕು. ಒರಸದೆ ಒತ್ತಿದರೆ ಮಣ್ಣನ್ನೇ ಒಳಗೆ ತುಂಬಿದಂತೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಇದನ್ನು ತಪ್ಪದೆ ಮಾಡಬೇಕು. ನಡುವೆ ಎಷ್ಟು ಸಲ ಎಂಬುದನ್ನು ಕಾರಿನ ಕೈಪಿಡಿ ಹೇಳುತ್ತದೆ. ಆದರೆ ರಬ್ಬರು ಬುಷ್‌ಗಳಿಗೆ ಗ್ರೀಸು, ಎಣ್ಣೆ, ಡೀಸೆಲ್ ಯಾವುದನ್ನೂ ಮುಟ್ಟಿಸಬಾರದು. ಕಿರಗುಟ್ಟುವ ಸದ್ದು ಎರಡು ದಿನ ನಿಂತರೂ ರಬ್ಬರು ಉಬ್ಬಿ ಕೊಳೆತುಹೋಗುತ್ತದೆ.

ಹೊಸ ರಬ್ಬರು ಬುಷ್ ಹಾಕುವಾಗ ಇನ್ನೊಂದು ಎಚ್ಚರಿಕೆ ಬೇಕು. ಚಕ್ರ ಗಾಳಿಯಲ್ಲಿ ಜೋತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಕೂಡಲೆ ರಬ್ಬರು ತಿರುಚಿಕೊಂಡು, ಸದಾ ಹಾಗೆಯೇ ನರಳುತ್ತಾ ಬೇಗ ಹರಿಯುತ್ತದೆ. ಬೋಲ್ಟನ್ನು ಸುಮ್ಮನೆ ಸೇರಿಸಿಟ್ಟು, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರ ಬಿಗಿಯಬೇಕು.

ಟೈ ರಾಡ್ ಎಂಡನ್ನು ಬದಲಿಸುವ ಬಗೆಯನ್ನು ನಾನು ಆ ಮಳೆಯ ದಿನ ಟಾರ್ಪಾಲಿನ ಕೆಳಗೆ ಕೊಡೆ ಹಿಡಿದು ನಿಂತು ನೋಡಿದೆ. ಮಾವ ಮೊದಲು ಸ್ಪ್ಲಿಟ್ ಪಿನ್ ಕಿತ್ತು ನಟ್ಟನ್ನು ಸಡಿಲಿಸಿದರು. ಕೀಲಿನ ಕಡ್ಡಿ ಬೆಣೆಯಂತೆ ಕಚ್ಚಿ ಕುಳಿತಿರುತ್ತದೆ. ಅದನ್ನು ತುದಿಯಿಂದ ಬಡಿದರೆ ಮರೆ ಹಾಳಾಗುತ್ತದೆಯೇ ಹೊರತು ಕೀಲು ಬಿಡುವುದಿಲ್ಲ. ಅದಕ್ಕೆ ಪುಲ್ಲರ್ ಎಂಬ ಸಾಧನವಿದೆ. ಅದಿಲ್ಲದುದರಿಂದ ಮಾವ, ಕಡ್ಡಿ ಕುಳಿತ ತೋಳಿನ ಒಂದು ಮಗ್ಗುಲಿಗೆ ದೊಡ್ಡ ಸುತ್ತಿಗೆಯನ್ನು ಆನಿಸಿ, ಎದುರು ಮಗ್ಗುಲಿಗೆ ಇನ್ನೊಂದು ಸುತ್ತಿಗೆಯಿಂದ ಹೊಡೆದರು. ಮೂರನೆಯ ಏಟಿಗೆ ಅದು ಹಣ್ಣು ಕಳಚಿದಂತೆ ಕಳಚಿತು. ಹಳೆಯದನ್ನು ತಿರುಗಿಸಿ ಬಿಚ್ಚುವಾಗ ಎಷ್ಟು ಸುತ್ತು ಎಂದು ಎಣಿಸುವ ಕೆಲಸ ನನಗೆ ಬಂತು. ಹೊಸದನ್ನು ಅಷ್ಟೇ ಸುತ್ತು ತಿರುಗಿಸಿದರೆ ಚಕ್ರದ ನೇರ ಹೆಚ್ಚುಕಡಿಮೆ ಹಿಂದಿನಂತೆಯೇ ಇರುತ್ತದೆ. ಸ್ಪ್ಲಿಟ್ ಪಿನ್ ಮಾತ್ರ ಹೊಸದೇ ಆಗಬೇಕು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಕೆಲವೇ ರೂಪಾಯಿಗೆ ಜೀವವನ್ನು ಅಡವಿಟ್ಟಂತೆ.

ಬಿಡಿಭಾಗ ಕೊಳ್ಳುವಾಗಲೂ ಜಾಗ್ರತೆ ಬೇಕು. ಕಾರಿನ ತಯಾರಿಕೆ ನಿಂತಿದ್ದರೂ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆಯ ಕಾರುಗಳ ಭಾಗಗಳನ್ನು ಹುಡುಕಬಹುದು. ಆದರೆ ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿ ಕೊಳ್ಳಬಾರದು. ಮಾವ ಅಂಗಡಿಯಲ್ಲಿ ಎರಡು ಟೈ ರಾಡ್ ಎಂಡುಗಳನ್ನು ಬೇಡವೆಂದು ಹಿಂದಿರುಗಿಸಿ ಮೂರನೆಯದನ್ನು ತಂದಿದ್ದರು. ಹೊಸ ಕೀಲು ಕೈಯಲ್ಲಿ ಹೊರಳಿಸಿದಾಗ ಬಿಗಿಯಾಗಿ, ಸಮನಾಗಿ ಹೊರಳಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಸದ್ದು ಬರಕೂಡದು.

ಕೊನೆಯ ಕೆಲಸ ಚಕ್ರಗಳ ನೇರವನ್ನು ಅಳೆಯುವುದು. ಮುಂದಿನ ಚಕ್ರಗಳನ್ನೆತ್ತಿ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣದ ಮೇಲೆ ಮೊಳೆಯಿಂದ ಒಂದು ಗೆರೆ ಎಳೆಯಬೇಕು. ಕಾರನ್ನಿಳಿಸಿ, ಸ್ವಲ್ಪ ಮುಂದಕ್ಕೆ ನೂಕಿ, ಎರಡು ಗೆರೆಗಳ ನಡುವಣ ಅಂತರವನ್ನು ಚಕ್ರದ ನಡುವಿನ ಎತ್ತರದಲ್ಲಿ ಮುಂದುಗಡೆಯೂ ಹಿಂದುಗಡೆಯೂ ಅಳೆಯಬೇಕು. ಈ ಎರಡು ಅಳತೆಗಳ ವ್ಯತ್ಯಾಸ ಕೈಪಿಡಿಯಲ್ಲಿ ಕೊಟ್ಟಷ್ಟೇ ಇರುವಂತೆ ಟೈ ರಾಡುಗಳನ್ನು ತಿರುಗಿಸಿ ಲಾಕ್ ನಟ್ಟನ್ನು ಬಿಗಿಯಬೇಕು. ಇಷ್ಟಾದರೂ ಪೇಟೆಯ ಯಂತ್ರದಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ಲೇಸು.

ಮನೆಯಲ್ಲಿ ಮಾಡಬಾರದ ಕೆಲಸವೂ ಉಂಟು. ಟಾರ್ಷನ್ ಬಾರನ್ನು ಬಿಚ್ಚುವುದು ಅದರಲ್ಲಿ ಮೊದಲನೆಯದು. ತಿರುಚಿದ ಆ ಸರಳಿನಲ್ಲಿ ಅಡಗಿರುವ ಬಲ ಒಮ್ಮೆಗೇ ಬಿಟ್ಟುಕೊಂಡರೆ ಕೈಮುರಿಯುತ್ತದೆ. ಎಡದ ಸರಳನ್ನು ಬಲಕ್ಕೆ ಹಾಕಬಾರದು. ಇಷ್ಟು ವರ್ಷ ಒಂದು ದಿಕ್ಕಿಗೆ ತಿರುಚಿಕೊಂಡದ್ದು ಇನ್ನೊಂದು ದಿಕ್ಕಿಗೆ ತಿರುಚಿದರೆ ಮುರಿದೀತು. ಅದರ ಮೈಮೇಲೆ ಒಂದು ಗೀರು ಬಿದ್ದರೂ ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ. ಇಂಥದನ್ನು ಬಲ್ಲವರಿಗೇ ಬಿಡಬೇಕು.

ಅಜ್ಜಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಮರುದಿನ ಅಜ್ಜಿಯನ್ನು ಬಸ್ಸಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಅತ್ತ ಮಾವ ಶಿವಮೊಗ್ಗೆಗೆ ಹೋಗಿ ಕೀಲನ್ನು ತಂದು ಹಾಕಿದರು. ಸುತ್ತು ಎಣಿಸಲು ನಾನು ಅಜ್ಜಿಯೊಡನೆ ಅಮ್ಮನನ್ನು ಬಿಟ್ಟು ಊರಿಗೆ ಮರಳಿದ್ದೆ. ನಾಲ್ಕನೆಯ ದಿನ ಅಪ್ಪಯ್ಯ ಕಾರಿನಲ್ಲಿಯೇ ಹೋಗಿ ಅಜ್ಜಿಯನ್ನು ಕರೆತಂದರು. ಘಾಟಿಯ ಮೊದಲ ತಿರುವಿನಲ್ಲಿ ಅವರ ಕೈ ಹಳೆಯ ರೂಢಿಯಂತೆ ಹೆಚ್ಚು ತಿರುಗಿಸಿತಂತೆ; ಕಾರು ರಸ್ತೆಯ ಅಂಚಿಗೆ ಸರಿಯಿತಂತೆ. ತಾನು ಎಷ್ಟು ಸಡಿಲವನ್ನು ಹೊತ್ತು ತಿರುಗುತ್ತಿದ್ದೆ ಎಂಬುದು ಆಗ ತಿಳಿಯಿತೆಂದು ಅವರೇ ಮನೆಗೆ ಬಂದು ಹೇಳಿದರು.

ಈಗ ಪ್ರತಿ ತಿಂಗಳ ಮೊದಲನೆಯ ಭಾನುವಾರ ನಮ್ಮ ಅಂಗಳದಲ್ಲಿ ಜಾಕಿ ಏಳುತ್ತದೆ. ಅಪ್ಪಯ್ಯ ಸ್ಟಿಯರಿಂಗಿನ ಹಿಂದೆ ಕೂರುತ್ತಾರೆ, ನಾನು ಚಕ್ರ ಹಿಡಿಯುತ್ತೇನೆ. ನಮ್ಮ ಕೆಲಸಗಳು ಅದಲುಬದಲಾಗಿವೆ. "ನೀನೇ ನೋಡು ಮಗಾ. ನನ್ನ ಕೈಗೆ ಅಭ್ಯಾಸ ಆಗಿ ಹೋಗಿರ್ತದೆ" ಎನ್ನುತ್ತಾರೆ. ಇಷ್ಟು ವರ್ಷ ಗಾಡಿ ಓಡಿಸಿದವರು ಈ ಮಾತನ್ನು ಆಡುವುದು ಸುಲಭವಲ್ಲವೆಂದು ನಾನು ಬಲ್ಲೆ. ಈ ಲೇಖನವನ್ನೋದಿದ ಮಿತ್ರರಲ್ಲಿ ಒಬ್ಬರಾದರೂ ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಮನೆಯ ಹಳೆಯ ಗಾಡಿಯ ಚಕ್ರವನ್ನೆತ್ತಿ ಒಮ್ಮೆ ಅಲ್ಲಾಡಿಸಿ ನೋಡಿದರೆ ನನ್ನ ಶ್ರಮ ಸಾರ್ಥಕವಾದೀತು.